ಕಡಲ್ಕೊರೆತ: ಕಲ್ಲಿನ ಲೆಕ್ಕ, ಮನೆಯ ಲೆಕ್ಕ

ಜೂನ್ ತಿಂಗಳು ಬಂತೆಂದರೆ, ಕರಾವಳಿಯಿಂದ ಬಂದು ಈ ಮುಂಬಯಿಯಲ್ಲಿ ನೆಲೆಸಿರುವ ನಮ್ಮಂಥವರ ಒಂದು ಕಿವಿ ಇಲ್ಲಿನ ಮಳೆಯ ಕಡೆಗಿದ್ದರೆ ಇನ್ನೊಂದು ಕಿವಿ ಊರಿನ ಕಡಲಿನ ಕಡೆಗಿರುತ್ತದೆ. ಉಳ್ಳಾಲದಿಂದಲೋ, ಕಾಪುವಿನಿಂದಲೋ, ಗಂಗೊಳ್ಳಿಯಿಂದಲೋ ಒಂದು ಫೋನು ಬರುತ್ತದೆ. ಪ್ರತಿವರ್ಷವೂ ಮಾತು ಒಂದೇ: ಹಿತ್ತಿಲಿನ ಇಷ್ಟು ತೆಂಗಿನ ಮರ ಹೋಯಿತು, ಬಾವಿಗೆ ಉಪ್ಪು ನೀರು ಬಂತು, ರಸ್ತೆ ಕುಸಿಯಿತು, ಅಧಿಕಾರಿಗಳು ಬಂದು ನೋಡಿ ಹೋದರು. ಮರವಂತೆಯ ಕಡೆಯ ನನ್ನ ಚಿಕ್ಕಪ್ಪ ಒಮ್ಮೆ ಈ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು: "ಕಲ್ಲ್ ಹಾಕ್ತ್ರ್, ಕಡ್ಲ್ ತಿಂತ್, ಮತ್ತ್ ಹಾಕ್ತ್ರ್. ನಮ್ದ್ ಎಂತ ಉಳೀತ್ ಮಗಾ?"

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಸರಕಾರದ ಅಧಿಸೂಚನೆಗಳನ್ನೂ ಯೋಜನೆಗಳ ವಿವರಗಳನ್ನೂ ಒಂದೊಂದಾಗಿ ಓದುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ಬಂತು. ನಮ್ಮ ದೇಶದಲ್ಲಿ ಕಡಲಿನಿಂದ ಬರುವ ಅಪಾಯಗಳು ಎರಡು ಬಗೆಯವು. ಒಂದು, ಒಂದೇ ರಾತ್ರಿಯಲ್ಲಿ ಬಂದೆರಗುವ ತೂಫಾನು. ಇನ್ನೊಂದು, ವರ್ಷಕ್ಕಿಷ್ಟಿಷ್ಟೆಂದು ನೆಲವನ್ನು ತಿನ್ನುವ ಕೊರೆತ. ಮೊದಲನೆಯದನ್ನು ಎದುರಿಸುವಾಗ ಸರಕಾರವು ಜನರನ್ನು ಎಣಿಸುವುದನ್ನು ಕಲಿತಿದೆ. ಎರಡನೆಯದನ್ನು ಎದುರಿಸುವಾಗ ಇಂದಿಗೂ ಕಲ್ಲನ್ನೇ ಎಣಿಸುತ್ತಿದೆ. ಒಂದರಲ್ಲಿ ಕಂಡ ಯಶಸ್ಸು ಇನ್ನೊಂದರಲ್ಲಿ ಏಕೆ ಕಾಣುತ್ತಿಲ್ಲವೆಂಬುದಕ್ಕೆ ಕಾರಣ ಇಲ್ಲಿಯೇ ಇದೆಯೆಂದು ನನ್ನ ತಿಳುವಳಿಕೆ. ವಿಮರ್ಶೆಯೆಂದರೆ ಬರಿಯ ದೂಷಣೆಯಲ್ಲ, ತೂಗಿ ನೋಡುವುದು. ಆದುದರಿಂದ ಒಳ್ಳೆಯದನ್ನೇ ಮೊದಲು ಹೇಳುತ್ತೇನೆ.

1999ರ ಅಕ್ಟೋಬರ್ 29ರಂದು ಒರಿಸ್ಸಾದ ತೀರಕ್ಕೆ ಅಪ್ಪಳಿಸಿದ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಗಾಳಿಗಿಂತಲೂ ಹೆಚ್ಚಾಗಿ, ಗಾಳಿ ದೂಡಿಕೊಂಡು ಬಂದ ಕಡಲ ನೀರೇ ಹಳ್ಳಿಗಳನ್ನು ನುಂಗಿತು. ಆ ದುರಂತದ ಬೆನ್ನಿಗೇ ಆ ರಾಜ್ಯವು ವಿಪತ್ತು ನಿರ್ವಹಣೆಗೆಂದೇ ಒಂದು ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿಕೊಂಡಿತು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 2005ರಲ್ಲಿ. ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳನ್ನು ಊರೂರಿನಲ್ಲಿ ಕಟ್ಟಿದರು. ಬೇರೆ ದಿನಗಳಲ್ಲಿ ಶಾಲೆಯಾಗಿ ನಡೆಯುವ ಕಟ್ಟಡ, ತೂಫಾನಿನ ದಿನ ಊರವರೆಲ್ಲರ ಮನೆ. ಎಚ್ಚರಿಕೆ ಬಂದೊಡನೆ ಯಾರು ಯಾವ ಓಣಿಗೆ ಹೋಗಬೇಕು, ಮುದುಕರನ್ನೂ ಬಸುರಿಯರನ್ನೂ ಯಾರು ಕರೆತರಬೇಕು ಎಂಬುದನ್ನು ಊರಿನ ಹುಡುಗರಿಗೇ ಕಲಿಸಿದರು. ಫಲವೇನಾಯಿತು? 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಿದ್ದರು. 2019ರ ಮೇ 3ರಂದು ಪುರಿಯ ಬಳಿ ಫನಿ ಬಂದಾಗ ಸುಮಾರು ಹನ್ನೆರಡು ಲಕ್ಷ. ಎರಡು ಸಲವೂ ಆ ರಾಜ್ಯದಲ್ಲಿ ಸಾವಿನ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಬಡ ರಾಜ್ಯವೆಂದು ಹೆಸರಾದ ಒರಿಸ್ಸಾ ಹದಿನಾಲ್ಕೇ ವರ್ಷಗಳಲ್ಲಿ ಸಾಧಿಸಿದ್ದು ಇದು. ಸರಕಾರಿ ಕೆಲಸವೆಂದರೆ ಮೂಗು ಮುರಿಯುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ನಮ್ಮ ಪಶ್ಚಿಮ ತೀರದವರು ಬಹಳ ಕಾಲ ಇದು ಬಂಗಾಳ ಕೊಲ್ಲಿಯವರ ಕಷ್ಟವೆಂದುಕೊಂಡಿದ್ದೆವು. ಈಗ ಹಾಗೆನ್ನುವಂತಿಲ್ಲ. ಅರಬ್ಬೀ ಸಮುದ್ರದ ನೀರು ಕಾಯುತ್ತಿದೆ, ತೂಫಾನುಗಳಿಗೆ ಬಲ ಬರುತ್ತಿದೆ. 2019ರ ಒಂದೇ ವರ್ಷದಲ್ಲಿ ಇಲ್ಲಿ ಐದು ಚಂಡಮಾರುತಗಳೆದ್ದವು. 2020ರ ಜೂನ್ 3ರಂದು ನಿಸರ್ಗ ಎಂಬುದು ಅಲಿಬಾಗಿನ ಬಳಿ ನೆಲಕ್ಕೆ ಬಂತು. ಅಂದು ಮುಂಬಯಿಯ ನಾವೆಲ್ಲ ಕಿಟಕಿ ಮುಚ್ಚಿ ಕುಳಿತದ್ದು ನೆನಪಿರಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡೇ ಗುಜರಾತಿಗೆ ಹೋಯಿತು. ದಾರಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ತೀರದ ಮನೆ, ರಸ್ತೆ, ದೋಣಿಗಳಿಗೆ ಹೊಡೆತ ಬಿತ್ತು. ಮುಂಬಯಿಯ ಹೊರಗಡಲಿನಲ್ಲಿ ತೈಲ ಕೆಲಸದವರಿದ್ದ ಬಾರ್ಜು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು.

ತೂಫಾನಿನ ಯೋಜನೆಯಲ್ಲಿಯೂ ಕೊರತೆಗಳಿವೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಎದ್ದಾಗ ಕನ್ಯಾಕುಮಾರಿಯ ಮತ್ತು ಕೇರಳದ ಅನೇಕ ಮೀನುಗಾರರು ಅದಾಗಲೇ ಆಳಕಡಲಿನಲ್ಲಿದ್ದರು. ದಡದಲ್ಲಿ ಸಾರಿದ ಎಚ್ಚರಿಕೆ ಅವರನ್ನು ಮುಟ್ಟಲೇ ಇಲ್ಲ. ದಡದಲ್ಲಿರುವವರನ್ನು ಎಣಿಸಿದ ಸರಕಾರ ಕಡಲಿನಲ್ಲಿರುವವರನ್ನು ಎಣಿಸಿರಲಿಲ್ಲ. ಆದರೂ ಇದು ತಿದ್ದಿಕೊಳ್ಳಬಹುದಾದ ತಪ್ಪು. ಏಕೆಂದರೆ ಗುರಿ ಸರಿಯಾಗಿದೆ. ಎಷ್ಟು ಜನ, ಎಲ್ಲಿದ್ದಾರೆ, ಎಲ್ಲಿಗೆ ಕರೆದೊಯ್ಯಬೇಕು ಎಂಬ ಮೂರು ಪ್ರಶ್ನೆಗಳಿಂದಲೇ ಆ ಯೋಜನೆ ಹೊರಡುತ್ತದೆ. 2015ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಚಂಡಮಾರುತ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿದ್ದು ಸಂತೋಷದ ಸಂಗತಿ.

ಇನ್ನು ಕೊರೆತದ ಕಡೆಗೆ ಬರೋಣ. ಇಲ್ಲಿ ಯೋಜನೆ ಬೇರೆಯೇ ಪ್ರಶ್ನೆಯಿಂದ ಹೊರಡುತ್ತದೆ: ಎಷ್ಟು ಮೀಟರಿಗೆ ಎಷ್ಟು ಕಲ್ಲು?

ಕಡಲು ದಡವನ್ನು ಹೇಗೆ ತಿನ್ನುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ವಿಷಯವಲ್ಲ. ಮಳೆಗಾಲದ ದೊಡ್ಡ ತೆರೆಗಳು ದಡದ ಮರಳನ್ನು ಒಳಗೆ ಎಳೆದುಕೊಳ್ಳುತ್ತವೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ಮೆಲ್ಲಮೆಲ್ಲನೆ ತಂದು ಹಾಕುತ್ತವೆ. ಇದು ಕೊಟ್ಟು ಪಡೆಯುವ ಸಂಬಂಧ. ಈ ಲೆಕ್ಕ ಸರಿಹೋಗಬೇಕಾದರೆ ಎರಡು ಸಂಗತಿಗಳು ಬೇಕು: ಹೊಳೆಗಳು ಘಟ್ಟದಿಂದ ಹೊಸ ಮರಳನ್ನು ತರುತ್ತಿರಬೇಕು, ಮತ್ತು ದಡದುದ್ದಕ್ಕೂ ಮರಳು ಅಡ್ಡಿಯಿಲ್ಲದೆ ಅತ್ತಿತ್ತ ಸರಿಯುತ್ತಿರಬೇಕು. ನಾವು ಎರಡನ್ನೂ ಕೆಡಿಸಿದ್ದೇವೆ. ಹೊಳೆಗೆ ಅಣೆಕಟ್ಟು ಹಾಕಿದೆವು, ಹೊಳೆಯ ಮರಳನ್ನು ಲಾರಿಗಳಲ್ಲಿ ಹೊತ್ತು ಮನೆ ಕಟ್ಟಿದೆವು. ಅಳಿವೆ ಬಾಗಿಲುಗಳಲ್ಲಿ ದೋಣಿಗಳು ಸುಖವಾಗಿ ಬಂದುಹೋಗಲೆಂದು ಕಡಲಿನೊಳಕ್ಕೆ ಕಲ್ಲಿನ ದಂಡೆ ಚಾಚಿದೆವು. ದಂಡೆಯ ಒಂದು ಮಗ್ಗುಲಲ್ಲಿ ಮರಳು ತುಂಬಿದರೆ ಇನ್ನೊಂದು ಮಗ್ಗುಲು ಹಸಿವಿನಿಂದಿರುತ್ತದೆ. ಮೀನುಗಾರರಿಗೆ ಬಂದರು ಬೇಡವೆಂದು ಯಾರೂ ಹೇಳಲಾರರು. ಅಳಿವೆಯಲ್ಲಿ ದೋಣಿ ಮಗುಚಿ ಮಕ್ಕಳನ್ನು ಕಳೆದುಕೊಂಡವರೇ ಆ ದಂಡೆಯನ್ನು ಬೇಡಿದ್ದರು. ಆದರೆ ಬಂದರು ಕಟ್ಟುವ ಇಲಾಖೆ ಬೇರೆ, ಅದರಿಂದಾದ ಕೊರೆತಕ್ಕೆ ಕಲ್ಲು ಹಾಕುವ ಕೆಲಸ ಬೇರೆ. ಎರಡರ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಕೊರೆತ ಶುರುವಾದ ಮೇಲೆ ಆಗುವುದೇನು? ಮಳೆಗಾಲದ ನಡುವೆ ಕೂಗು ಏಳುತ್ತದೆ. ಆಗ ತುರ್ತು ಎಂಬ ಹೆಸರಿನಲ್ಲಿ ಲಾರಿಗಟ್ಟಲೆ ಬಂಡೆ ತಂದು ಸುರಿಯುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬ ಗಾದೆ ಇದಕ್ಕೇ ಹುಟ್ಟಿರಬೇಕು. ಬುಡದಲ್ಲಿ ಸರಿಯಾದ ಹಾಸು ಇಲ್ಲದೆ ಮರಳಿನ ಮೇಲೆ ಸುರಿದ ಬಂಡೆ ನಿಲ್ಲುವುದಿಲ್ಲ. ತೆರೆ ಬಂಡೆಗೆ ಬಡಿದು ಹಿಂದಿರುಗುವಾಗ ಬುಡದ ಮರಳನ್ನು ಕೆದಕಿಕೊಂಡು ಹೋಗುತ್ತದೆ, ಬಂಡೆ ಇಳಿಯುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ಮನೆಯ ಹಿತ್ತಿಲಿಗೆ ಕೊರೆತ ದಾಟುತ್ತದೆ. ಹೀಗೆ ಒಬ್ಬರ ರಕ್ಷಣೆ ನೆರೆಯವರ ನಷ್ಟವಾಗುತ್ತದೆ. ಇಳಿದುಹೋದ ಬಂಡೆಯನ್ನು ಮತ್ತೆ ಅಳೆದು ನೋಡುವುದು ಸುಲಭವೂ ಅಲ್ಲ. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ಎಂದು ನಾವು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದರಲ್ಲಿಯೂ ಇಲ್ಲಿ ಹುಣಿಸೆಹಣ್ಣಿಗೆ ಬಿಲ್ಲು ಆಗುತ್ತದೆ.

"ಮರೀನ್ ಡ್ರೈವಿನಲ್ಲಿ ಕಾಂಕ್ರೀಟಿನ ನಾಲ್ಕು ಕಾಲಿನ ದಿಮ್ಮಿಗಳು ನಿಂತಿಲ್ಲವೇ? ಅಲ್ಲಿ ನಿಲ್ಲುವುದು ಉಳ್ಳಾಲದಲ್ಲಿ ಏಕೆ ನಿಲ್ಲಬಾರದು?" ಎಂದು ನಮ್ಮ ಮಿತ್ರರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮರೀನ್ ಡ್ರೈವಿನಲ್ಲಿ ಕಾಪಾಡಬೇಕಾದದ್ದು ರಸ್ತೆ. ಅದು ಕಡಲನ್ನು ತುಂಬಿಸಿ ಮಾಡಿದ ನೆಲ. ಅದರ ಮುಂದೆ ಮರಳು ಇದ್ದರೇನು ಬಿಟ್ಟರೇನು, ಯಾರ ಹೊಟ್ಟೆಗೂ ಕೊರತೆಯಾಗದು. ಆದರೆ ಊರಿನ ಮರಳ ದಡ ಬರಿಯ ದಡವಲ್ಲ, ಅದು ಕೆಲಸದ ಜಾಗ. ದೋಣಿ ಎಳೆದಿಡುವುದು ಅಲ್ಲಿ, ಕೈರಂಪಣಿ ಎಳೆಯುವುದು ಅಲ್ಲಿ, ಬಲೆ ಹರವಿ ಹೊಲಿಯುವುದು ಅಲ್ಲಿ, ಹೆಂಗಸರು ಮೀನು ಒಣಗಿಸುವುದು ಅಲ್ಲಿ. ಗೋಡೆ ಕಟ್ಟಿ ಮನೆಯನ್ನು ಉಳಿಸಿ ದಡವನ್ನು ಕಳೆದರೆ, ಅಂಗಡಿಯ ಬೀಗ ಭದ್ರಮಾಡಿ ಒಳಗಿನ ಸರಕನ್ನು ಹೊರಗೆ ಚೆಲ್ಲಿದ ಹಾಗೆ.

ಕಲ್ಲೇ ಬೇಡವೆಂಬುದು ನನ್ನ ವಾದವಲ್ಲ. ಕೇರಳದ ಚೆಲ್ಲಾನಂನಲ್ಲಿ ಸುಮಾರು ಏಳು ಕಿಲೋಮೀಟರು ಉದ್ದಕ್ಕೆ ಕಾಂಕ್ರೀಟಿನ ದಿಮ್ಮಿಗಳ ಗೋಡೆ ಕಟ್ಟಿದ ಮೇಲೆ, ಪ್ರತಿ ಮಳೆಗಾಲದಲ್ಲಿಯೂ ಮನೆಯೊಳಗೆ ನೀರು ಕಾಣುತ್ತಿದ್ದ ಜನ ನೆಮ್ಮದಿಯಿಂದ ಮಲಗಿದರೆಂಬುದೂ ನಿಜ. ಬೇರೆ ಉಪಾಯವಿಲ್ಲದ ಕಡೆ ಗೋಡೆ ಬೇಕಾಗುತ್ತದೆ. ಆದರೆ ಅದೇ ಕೇರಳ ಎಷ್ಟೋ ದಶಕಗಳಿಂದ ಕಲ್ಲಿನ ಗೋಡೆ ಕಟ್ಟುತ್ತ ಬಂದಿದ್ದರೂ, ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು 1990ರಿಂದೀಚಿನ ಉಪಗ್ರಹ ಚಿತ್ರಗಳನ್ನು ಹೋಲಿಸಿದಾಗ ಅಲ್ಲಿನ ತೀರದ ಶೇಕಡಾ 46ರಷ್ಟು ಭಾಗ ಕೊರೆತಕ್ಕೆ ಸಿಕ್ಕಿರುವುದು ಕಂಡಿತು. ಇಡೀ ದೇಶದಲ್ಲಿ ಮೂರರಲ್ಲೊಂದು ಪಾಲು. ನಮ್ಮ ಕರ್ನಾಟಕದ ಮುನ್ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಸುಮಾರು ಕಾಲು ಪಾಲು. ಅಂದರೆ ನಾವು ಕೇರಳದ ದಾರಿಯನ್ನು ಇನ್ನೂ ಪೂರ್ತಿ ಹಿಡಿದಿಲ್ಲ. ಯೋಚಿಸುವುದಕ್ಕೆ ಇನ್ನೂ ಸಮಯವಿದೆ.

ಯೋಚಿಸಿದ ಒಂದು ಪ್ರಯತ್ನವೂ ನಮ್ಮಲ್ಲಿ ನಡೆದಿದೆ. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಒಪ್ಪಿದ ಸಾಲದಿಂದ ಉಳ್ಳಾಲದಲ್ಲಿ ಕೈಗೊಂಡ ಕೆಲಸ, ಸುರಿದು ಹೋಗುವ ಕೆಲಸವಾಗಿರಲಿಲ್ಲ. ತೆರೆಗಳನ್ನು ಅಭ್ಯಾಸ ಮಾಡಿ, ದಡದಿಂದ ದೂರ ನೀರಿನಡಿಯಲ್ಲಿ ಕೃತಕ ದಿಬ್ಬಗಳನ್ನಿಟ್ಟು ತೆರೆಯ ಸೊಕ್ಕನ್ನು ಮೊದಲೇ ಮುರಿಯುವುದು, ನೇತ್ರಾವತಿ–ಗುರುಪುರ ಹೊಳೆಗಳ ಅಳಿವೆಯ ಹಳೆಯ ದಂಡೆಗಳನ್ನು ಸರಿಪಡಿಸುವುದು ಅದರ ಕ್ರಮ. ಮುಂದಿನ ಹಂತದಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆಯಲ್ಲಿ ಕಡಲಿಗೆ ಚಾಚಿದ ಅಡ್ಡಗೋಡೆಗಳನ್ನು ಕಟ್ಟಿದರು. ಇದನ್ನು ಮೆಚ್ಚಬೇಕು. ಆದರೆ ಉಳ್ಳಾಲದ ತೆಂಕಣಕ್ಕಿರುವ ಸೋಮೇಶ್ವರ ಉಚ್ಚಿಲದಲ್ಲಿ ಆಮೇಲಿನ ವರ್ಷಗಳಲ್ಲಿಯೂ ರಸ್ತೆ ಮನೆಗಳು ಕಡಲ ಪಾಲಾದವು. ತೀರವನ್ನು ತುಂಡು ತುಂಡಾಗಿ ನೋಡುವವರೆಗೆ ಒಳ್ಳೆಯ ತುಂಡು ಕೂಡ ನೆರೆಯವರಿಗೆ ಉತ್ತರವಾಗದು. ಕಡಲಿಗೆ ಪಂಚಾಯತಿನ ಗಡಿ ಗೊತ್ತಿಲ್ಲ.

ಈಗ ಕಾನೂನಿನ ಮಾತು. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕಟ್ಟಡಗಳನ್ನು ತಡೆಯಬೇಕೆಂದರು. ಹತ್ತು ವರ್ಷದ ಮೇಲೆ, 1991ರ ಫೆಬ್ರವರಿಯಲ್ಲಿ, ಅದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಾಗಿ ಬಂತು. ಹಳ್ಳಿಗಾಡಿನ ತೀರದಲ್ಲಿ 200 ಮೀಟರಿನೊಳಗೆ ಹೊಸ ಕಟ್ಟಡವಿಲ್ಲವೆಂದಾಯಿತು. 2011ರಲ್ಲಿ ಹೊಸ ಅಧಿಸೂಚನೆ ಬಂದಾಗ ಅದರೊಳಗೆ ಒಂದು ಅಮೂಲ್ಯವಾದ ವಿಚಾರವಿತ್ತು: ಅಪಾಯದ ಗೆರೆ. ತೆರೆ, ಉಬ್ಬರ, ಕಡಲ ಮಟ್ಟದ ಏರಿಕೆ, ದಡ ಹಿಂದೆ ಸರಿಯುವ ವೇಗ – ಇವೆಲ್ಲವನ್ನೂ ಲೆಕ್ಕಹಾಕಿ, ಮುಂದೆ ಕಡಲು ಎಲ್ಲಿಯವರೆಗೆ ಬರಬಹುದೆಂದು ನಕ್ಷೆಯಲ್ಲಿ ಎಳೆಯುವ ಗೆರೆ. ಸರ್ವೆ ಆಫ್ ಇಂಡಿಯಾದವರು ಅದನ್ನು ಎಳೆದೂ ಕೊಟ್ಟರು.

ಆದರೆ 2019ರ ಜನವರಿಯ ಅಧಿಸೂಚನೆಯನ್ನು ಓದಿದವರಿಗೆ ಆಶ್ಚರ್ಯವಾಗುತ್ತದೆ. ಅಪಾಯದ ಗೆರೆ ವಿಪತ್ತು ನಿರ್ವಹಣೆಗೆ ಉಪಯೋಗಿಸತಕ್ಕ ಒಂದು ಸಾಧನವೆಂದಾಯಿತೇ ಹೊರತು, ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬ ನಿಯಮಕ್ಕೆ ಅದನ್ನು ಬಿಗಿಯಲಿಲ್ಲ. ಬದಲಿಗೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ, ಅಂದರೆ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ, 200 ಮೀಟರಿನ ನಿಷೇಧ 50 ಮೀಟರಿಗೆ ಇಳಿಯಿತು. ಪ್ರವಾಸಿಗರ ತಾತ್ಕಾಲಿಕ ಗುಡಿಸಲುಗಳಿಗೆ ಉಬ್ಬರದ ಗೆರೆಯಿಂದ ಹತ್ತು ಮೀಟರು ಬಿಟ್ಟರೆ ಸಾಕು. ಕಿಷ್ಕಿಂಧೆಯಂಥ ಮನೆಗಳಲ್ಲಿರುವ ಮೀನುಗಾರ ಸಂಸಾರಗಳಿಗೆ ಒಂದು ಕೋಣೆ ಹೆಚ್ಚು ಕಟ್ಟಿಕೊಳ್ಳಲು ಅವಕಾಶ ಬೇಕಿತ್ತೆಂಬ ವಾದದಲ್ಲಿ ಸತ್ಯವಿದೆ. ಆದರೆ ಅಪಾಯ ಎಲ್ಲಿದೆಯೆಂದು ತಾನೇ ಗೆರೆ ಎಳೆದು, ಆ ಗೆರೆಯನ್ನು ಕಪಾಟಿನಲ್ಲಿಟ್ಟು, ಅದರಾಚೆ ಮನೆ ಕಟ್ಟಲು ಪರವಾನಗಿ ಕೊಟ್ಟು, ಮನೆ ಬಿದ್ದ ಮೇಲೆ ಕಲ್ಲು ತರುವ ಸರಕಾರವನ್ನು ಏನೆನ್ನಬೇಕು? ವೈದ್ಯರು ರೋಗ ಹೇಳಿ ಚೀಟಿ ಹರಿದಂತಾಯಿತು.

ಹಣದ ವಿಷಯದಲ್ಲಿಯೂ ಇದೇ ಅಸಮಾನತೆ. ವಿಪತ್ತು ಪರಿಹಾರ ನಿಧಿಯಿಂದ ನೆರವು ಕೊಡಲು ಕೇಂದ್ರವು ಹದಿನೈದನೆಯ ಹಣಕಾಸು ಆಯೋಗದ ಅವಧಿಯಲ್ಲಿ ಗುರುತಿಸಿದ್ದ ಹನ್ನೆರಡು ವಿಕೋಪಗಳಲ್ಲಿ ಚಂಡಮಾರುತವಿತ್ತು, ಸುನಾಮಿಯಿತ್ತು, ಹಿಮಪಾತವೂ ಇತ್ತು, ಕಡಲ್ಕೊರೆತವಿರಲಿಲ್ಲ. ಒಂದೇ ರಾತ್ರಿ ಮನೆ ಬಿದ್ದರೆ ವಿಕೋಪ, ಐದು ವರ್ಷದಲ್ಲಿ ಬಿದ್ದರೆ ಹಣೆಬರಹ! ಕೇರಳ ಕೊರೆತವನ್ನು ತನ್ನ ರಾಜ್ಯದ ವಿಕೋಪವೆಂದು ತಾನೇ ಸಾರಿಕೊಂಡಿತು. ಅದೇ ಹಣಕಾಸು ಆಯೋಗವು 2021–26ರ ಅವಧಿಗೆ ಕೊರೆತ ತಡೆಯಲು 1500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1000 ಕೋಟಿ ರೂಪಾಯಿಗಳನ್ನು ಬೇರೆಯಾಗಿ ತೆಗೆದಿರಿಸಬೇಕೆಂದದ್ದು ಒಳ್ಳೆಯ ಹೆಜ್ಜೆ. ನೆಲ ಕಳೆದುಕೊಂಡವನೂ ಲೆಕ್ಕದಲ್ಲಿ ಬಂದನಲ್ಲ, ಅದೇ ದೊಡ್ಡದು.

ಜನರನ್ನು ಎಣಿಸಿ ಹೊರಟ ಯೋಜನೆ ಕೇರಳದಲ್ಲೊಂದಿದೆ, ಪುನರ್ಗೇಹಂ ಎಂದು ಹೆಸರು. ಉಬ್ಬರದ ಗೆರೆಯಿಂದ 50 ಮೀಟರಿನೊಳಗಿರುವ ಮೀನುಗಾರ ಕುಟುಂಬಗಳನ್ನು ಒಂದೊಂದಾಗಿ ಗುರುತಿಸಿ, ಅವರು ಒಪ್ಪಿದರೆ ಜಾಗ ಕೊಂಡು ಮನೆ ಕಟ್ಟಲು ಹತ್ತು ಲಕ್ಷ ರೂಪಾಯಿ ಕೊಡುವುದು ಅದರ ರೀತಿ. ಇದರಲ್ಲಿಯೂ ತೊಡಕಿದೆ. ತೀರದ ಬಳಿ ಆ ಹಣಕ್ಕೆ ಜಾಗ ಸಿಗುವುದು ಕಷ್ಟ. ದೂರ ಹೋದರೆ ಬೆಳಗಿನ ಜಾವ ಕಡಲಿನ ಬಣ್ಣ ನೋಡಿ ದೋಣಿಯಿಳಿಸುವ ಕಸುಬು ಹೋಗುತ್ತದೆ. ಬಿಟ್ಟುಬಂದ ದಡದಲ್ಲಿ ನಾಳೆ ಯಾರ ಹೋಟೆಲು ಏಳುತ್ತದೋ ಎಂಬ ಭಯ ಬೇರೆ. ದೈವಸ್ಥಾನ, ಭಜನಾಮಂದಿರ, ಹಿರಿಯರ ಸಮಾಧಿ ಇವುಗಳಿಗೆ ಹತ್ತು ಲಕ್ಷದಲ್ಲಿ ಪಾಲಿಲ್ಲ. ಇಷ್ಟೆಲ್ಲ ಇದ್ದರೂ ಆ ಯೋಜನೆ ಸರಿಯಾದ ಬಾಗಿಲನ್ನು ತಟ್ಟಿದೆಯೆಂದೇ ನನ್ನ ಅಭಿಪ್ರಾಯ. ಅದು ಎಷ್ಟು ಕಲ್ಲು ಎಂದು ಕೇಳಲಿಲ್ಲ. ಎಷ್ಟು ಮನೆ ಎಂದು ಕೇಳಿತು.

ಇಲ್ಲಿಯವರೆಗೆ ಸರಕಾರವನ್ನು ತೂಗಿದ್ದಾಯಿತು. ಇನ್ನು ತಕ್ಕಡಿಯಲ್ಲಿ ನಾವೂ ಕೂರಬೇಕು. ಊರಿಗೆ ಹಣ ಕಳುಹಿಸುವವರು ನಾವು. "ರಿಟಾಯರ್ ಆದ ಮೇಲೆ ಕಡಲು ಕಾಣುವ ಹಾಗೆ ಒಂದು ಮನೆ" ಎಂದು ಕನಸು ಕಾಣುವವರೂ ನಾವೇ. ಹಳೆಯವರು ಮನೆಯನ್ನು ತೆಂಗಿನ ತೋಟದ ಹಿಂದೆ ಕಟ್ಟಿ, ಮುಂದೆ ಮರಳ ದಿಬ್ಬವನ್ನೂ ಕೇದಗೆಯ ಮೆಳೆಯನ್ನೂ ಹಾಗೆಯೇ ಬಿಡುತ್ತಿದ್ದರು. ನಾವು ದಿಬ್ಬವನ್ನು ಸಮತಟ್ಟು ಮಾಡಿ ಕಾಂಪೌಂಡು ಹಾಕಿದೆವು. ಆ ದಿಬ್ಬವೇ ಕಡಲಿಗೆ ಕಟ್ಟಿಟ್ಟ ಬುತ್ತಿಯಾಗಿತ್ತು. ಮಳೆಗಾಲದಲ್ಲಿ ಕಡಲು ಅದನ್ನು ತಿಂದು ಮನೆಯನ್ನು ಬಿಡುತ್ತಿತ್ತು. ನಮ್ಮ ಮನೆಯ ಮುಂದೆ ಕಲ್ಲು ಬೀಳಲೆಂದು ಇಲ್ಲಿಂದಲೇ ಶಿಫಾರಸು ಮಾಡಿಸಿದವರು ನಮ್ಮಲ್ಲಿ ಇಲ್ಲವೆನ್ನಲಾದೀತೇ? ಆ ಕಲ್ಲಿನ ಕೊನೆಯಲ್ಲಿ ಯಾರ ಗುಡಿಸಲಿತ್ತೆಂದು ನಾವು ಕೇಳಲಿಲ್ಲ.

ಈ ಸಲ ಊರಿಗೆ ಹೋದಾಗ, ನಮ್ಮಿಂದ ಆಗಬಹುದಾದ ಒಂದೆರಡು ಕೆಲಸಗಳಿವೆ. ತಾಲೂಕಿನ ಅಪಾಯದ ಗೆರೆ ನಮ್ಮೂರಿನಲ್ಲಿ ಎಲ್ಲಿ ಹಾದುಹೋಗುತ್ತದೆಂದು ಪಂಚಾಯತಿನಲ್ಲಿ ಕೇಳಬೇಕು. ಕೇಳುವವರಿದ್ದರೆ ಕಪಾಟಿನ ನಕ್ಷೆ ಹೊರಗೆ ಬರುತ್ತದೆ. ಗೋಡೆಯ ಪ್ರಸ್ತಾಪ ಬಂದಾಗ, ಗೋಡೆ ಮುಗಿದ ಮೇಲಿನ ಮೊದಲ ಮನೆಯವರನ್ನು ಸಭೆಗೆ ಕರೆದಿದ್ದಾರೆಯೇ ಎಂದು ನೋಡಬೇಕು. ಕಲ್ಲಿಗೆ ಖರ್ಚು ಮಾಡಿದ ಐದು ವರ್ಷದ ಹಣದಲ್ಲಿ ಆ ಓಣಿಯ ಎಷ್ಟು ಸಂಸಾರಗಳಿಗೆ ಹತ್ತಿರದಲ್ಲಿಯೇ ಹಕ್ಕುಪತ್ರದ ಜಾಗ ಸಿಗುತ್ತಿತ್ತೆಂಬ ಲೆಕ್ಕವನ್ನು ಮುಂದಿಡಬೇಕು. ಓದು ಬರಹ ಕಲಿತು, ಮಹಾನಗರದ ಕಚೇರಿಗಳ ವ್ಯವಹಾರ ಬಲ್ಲ ನಮಗೆ ಇದು ಭಾರವಲ್ಲ.

ಚಿಕ್ಕಪ್ಪನಿಗೆ ನಾನು ಉತ್ತರ ಕೊಡಬೇಕಾಗಿದೆ. ನಮ್ಮದೆಂತ ಉಳಿಯಿತು ಎಂದರೆ, ಅವರ ಮನೆಯ ಪಶ್ಚಿಮದ ಅಂಗಳದಲ್ಲಿ ಇನ್ನೂ ನಾಲ್ಕು ತೆಂಗಿನ ಮರಗಳಿವೆ. ನಾನು ಸಣ್ಣವನಿದ್ದಾಗ ಹನ್ನೊಂದಿದ್ದವು. ಸರಕಾರದ ಯಾವ ಪಟ್ಟಿಯಲ್ಲಿಯೂ ಈ ಲೆಕ್ಕವಿಲ್ಲ. ಮುಂದಿನ ಯೋಜನೆ ಬರೆಯುವವರು ಕಲ್ಲಿನ ದರ ಕೇಳುವ ಮೊದಲು ಒಂದು ದಿನ ಆ ಅಂಗಳಕ್ಕೆ ಬಂದು ಕುಳಿತು, ಉಳಿದದ್ದನ್ನು ಎಣಿಸಲಿ.